ಕೆಳಗೆ ಏನೂ ಬರೆಯದ ಫೋಟೊ

ಫೋಟೊ ತಾನೇ ಮಾತಾಡುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಮೂವತ್ತು ವರ್ಷಗಳಿಂದ ಸ್ಟುಡಿಯೊ ನಡೆಸುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನ ಅಂಗಡಿಯ ಒಂದು ಫೋಟೊ ಕೂಡ ತುಟಿ ಪಿಟಕ್ಕೆಂದಿಲ್ಲ. ಮಾತಾಡುವವರೆಲ್ಲ ನೋಡುವವರೇ. ಫೋಟೊ ಪಾಪ, ಎಲ್ಲರ ಮಾತಿಗೂ ಹೂಂಗುಟ್ಟುತ್ತ ಗೋಡೆಯ ಮೇಲೆ ತೂಗಾಡುತ್ತಿರುತ್ತದೆ.

ಗಿರಾಕಿಗಳು ಕಾಯುತ್ತ ಕೂರುವ ಬೆಂಚಿನ ಎದುರಿಗೆ ಒಂದು ಫೋಟೊ ಹಾಕಿದ್ದೇನೆ. ನವಿಲುತೀರ್ಥದ ಅಣೆಕಟ್ಟಿನ ಕಂಬಿ ಹಿಡಿದು ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಕಣ್ಣಲ್ಲಿ ನೀರು ತುಂಬಿದೆ. ಕೆಳಗೆ ಏನೂ ಬರೆದಿಲ್ಲ. ಆಗಷ್ಟೇ ಮಗಳ ಮದುವೆ ಮಾಡಿದ್ದ ಒಬ್ಬ ತಂದೆ ಅದನ್ನು ನೋಡಿ, ಗಂಡನ ಮನೆಗೆ ಹೊರಟ ಹುಡುಗಿ ಇರಬೇಕು ಎಂದು ತಾನೇ ಕಣ್ಣೊರೆಸಿಕೊಂಡ. ಮುನವಳ್ಳಿ ಕಡೆಯ ಮುದುಕರೊಬ್ಬರು, ನೀರಿನಲ್ಲಿ ಮುಳುಗಿದ ತನ್ನ ಊರನ್ನು ನೆನೆದು ಅಳುತ್ತಿದ್ದಾಳೆ ಎಂದರು. ಹುಡುಗಿ ಹುಟ್ಟುವ ಎಷ್ಟೋ ಮೊದಲೇ ಊರು ಮುಳುಗಿತ್ತೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಆಕೆ ನನ್ನ ತಂಗಿ. ಅವತ್ತು ಮಿರ್ಚಿ ಭಜಿ ಕಚ್ಚಿ ಬಾಯಿ ಉರಿದು ಹಾಗೆ ನಿಂತಿದ್ದಳು. ಇಷ್ಟು ಹೇಳಿದ ಕೂಡಲೇ ನೋಡಿದವರಿಗೆಲ್ಲ ಆಕೆಯ ಉಬ್ಬಿದ ಕೆನ್ನೆ ಕಾಣತೊಡಗುತ್ತದೆ. ಕೆನ್ನೆ ಮೊದಲೂ ಅಲ್ಲೇ ಇತ್ತು.

ಅದಕ್ಕೇ ಫೋಟೊ ಒಯ್ಯುವವರಿಗೆಲ್ಲ ಕೆಳಗೆ ಒಂದು ಸಾಲು ಬರೆಸಿ ಎಂದು ಹೇಳುತ್ತೇನೆ. ಯಾರು, ಎಲ್ಲಿ, ಯಾಕೆ, ಅಷ್ಟು ಸಾಕು. ಬಹಳ ಮಂದಿ ನಗುತ್ತಾರೆ. ನಮ್ಮ ಮಂದಿಯ ಗುರುತು ನಮಗೆ ಇಲ್ಲವೇ, ಅದಕ್ಕೂ ಬೋರ್ಡು ಬೇಕೇ ಎನ್ನುತ್ತಾರೆ. ನಗುವವರಲ್ಲಿ ಮೊದಲಿಗ ನನ್ನ ಸ್ಟುಡಿಯೊದ ಪಕ್ಕದ ಮನೆಯವ. ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡ, ನನ್ನದೇ ವಯಸ್ಸಿನ ಗೆಳೆಯ. ಅವನ ನಗುವನ್ನು ನಾನು ಬಹಳ ದಿನ ಸಹಿಸಿದ್ದೇನೆ.

ಮುಂದೆ ಹೇಳುವುದು ಅರ್ಥವಾಗಬೇಕಾದರೆ ನಮ್ಮ ಒಂದು ರೂಢಿ ಗೊತ್ತಿರಬೇಕು. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸಿ ಇಡುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳಿಗೆ ಹಾರ, ಮೈಮೇಲೆ ಹೊಸ ಬಟ್ಟೆ. ಮನೆಮಂದಿಯೆಲ್ಲ ಎರಡೂ ಬದಿಗೆ ಕೂತ ಮೇಲೆ ನನ್ನನ್ನು ಕರೆಯುತ್ತಾರೆ. ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೊ ಆಗಬೇಕು. ಒಮ್ಮೆ ಮೈಸೂರು ಕಡೆಯಿಂದ ಫ್ರೇಮಿನ ಪಟ್ಟಿ ಮಾರಲು ಬಂದವರೊಬ್ಬರು ಅಂಥ ಫೋಟೊ ನೋಡಿ, ಸನ್ಮಾನ ಬಹಳ ಚೆನ್ನಾಗಿ ಮಾಡಿದ್ದಾರೆ, ಇವರು ಯಾವ ಸಂಘದ ಅಧ್ಯಕ್ಷರು ಎಂದು ಕೇಳಿದರು. ನಾನು ತಿದ್ದಲು ಹೋಗಲಿಲ್ಲ. ಅದೂ ಒಂದು ಸನ್ಮಾನವೇ.

ಗೆಳೆಯನ ತಾಯಿಯನ್ನು ಓಣಿಯವರೆಲ್ಲ ಆಯಿ ಎನ್ನುತ್ತೇವೆ. ಆಯಿ ಎಂದರೆ ನಮ್ಮಲ್ಲಿ ಅಜ್ಜಿ. ತೊಂಬತ್ತರ ಹತ್ತಿರ ವಯಸ್ಸು. ಕಣ್ಣು, ಕಿವಿ, ನಾಲಿಗೆ ಮೂರೂ ಚುರುಕು, ನಾಲಿಗೆ ಒಂದು ಕೈ ಹೆಚ್ಚೇ. ನನ್ನ ಮಧ್ಯಾಹ್ನದ ಚಹಾ ಆ ಮನೆಯ ಕಟ್ಟೆಯ ಮೇಲೆ, ಆಕೆಯ ಬೈಗುಳದ ಜೊತೆಗೇ ಆಗುತ್ತಿತ್ತು.

ಆಯಿಯ ತವರು ರಾಮದುರ್ಗ. ಅಲ್ಲಿ ಉಳಿದಿರುವುದು ಒಬ್ಬರೇ ತಮ್ಮ, ಎಂಬತ್ತು ದಾಟಿದವರು. ಕೆಲವು ವರ್ಷಗಳ ಹಿಂದೆ ಅವರ ಮೊಮ್ಮಗನ ಮದುವೆ ಬಂತು. ಹಿರಿಯ ಅಕ್ಕನ ಮನೆಗೆ ತಾವೇ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕಾದದ್ದು ಪದ್ಧತಿ. ಅವರಿಗೆ ಮೊಣಕಾಲು ನೋವು. ಹಾಗಾಗಿ ಲಗ್ನಪತ್ರಿಕೆಯ ಫೋಟೊ ತೆಗೆಸಿ ಗೆಳೆಯನ ಮೊಬೈಲಿಗೆ ಕಳಿಸಿದರು. ಮಗ ಅದನ್ನು ತಾಯಿಗೆ ತೋರಿಸಿದ. ಆಯಿ ಮೊಬೈಲನ್ನು ಕೈಯಳತೆ ದೂರ ಹಿಡಿದು ನೋಡಿ ವಾಪಸ್ ಕೊಟ್ಟಳು.

"ಕಾರ್ಡಿನ ಫೋಟೊ ಕಳಿಸ್ಯಾನ. ನನ್ನ ಫೋಟೊ ತಗದು ಲಗ್ನಕ್ಕ ಕಳಿಸ್ರಿ."

ಆಕೆ ಹೋಗಲಿಲ್ಲ. ಕರೆಯದಿದ್ದರೂ ಬರಬೇಕಾದ ಅಕ್ಕ, ಕರೆದರೂ ಬರಲಿಲ್ಲವೆಂದು ತಮ್ಮ ಮುನಿಸಿಕೊಂಡರು. ಆಮೇಲೆ ಮಾತು ನಿಂತೇಹೋಯಿತು. ಚಹಾ ಕುಡಿಯುವಾಗ ದಿನಕ್ಕೊಮ್ಮೆಯಾದರೂ ರಾಮದುರ್ಗದ ಸುದ್ದಿ ಬರುತ್ತಿತ್ತು. ಮೊದಲು ತಮ್ಮನಿಗೆ ಬೈಗುಳ, ಆಮೇಲೆ ಸಣ್ಣವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡು ಮಲಪ್ರಭಾ ಹೊಳೆಗೆ ಹೋಗುತ್ತಿದ್ದ ಕಥೆ. ಒಂದು ದಿನ ನನ್ನನ್ನೇ ಕೇಳಿದಳು, ನನ್ನ ಮಣ್ಣಿಗಾದರೂ ಅವನು ಬರುತ್ತಾನೋ ಇಲ್ಲವೋ ಎಂದು. ಬರುತ್ತಾರೆ ಎಂದೆ. ಆಗ ಬಂದರೆ ನನಗೆ ಹೇಗೆ ಗೊತ್ತಾಗಬೇಕು ಎಂದಳು. ಆಕೆಗೆ ಬೇಕಾದದ್ದು ಅಷ್ಟೇ ಇತ್ತು. ಕಣ್ಣು ತೆರೆದಿರುವಾಗಲೇ ತಮ್ಮ ಒಮ್ಮೆ ಹೊಸ್ತಿಲು ದಾಟಿ ಒಳಗೆ ಬರಬೇಕು. ಆದರೆ ಕರೆಯಲಾರಳು. ಇಬ್ಬರಿಗೂ ಬುದ್ಧಿ ಹೇಳುವವರು ತೀರಿಹೋಗಿದ್ದರು.

ಈ ವರ್ಷ ಆ ಮನೆಯಲ್ಲಿ ಆಯಿಗೆ ಮರಿಮಗ ಹುಟ್ಟಿದ. ಮೊಮ್ಮಗನ ಮಗನ ಮುಖ ಕಂಡವರ ತಲೆಯ ಮೇಲೆ ಬಂಗಾರದ ಹೂ ತೂರುವುದು ನಮ್ಮಲ್ಲಿ ಉಂಟು. ಅಕ್ಕಸಾಲಿಗರಿಂದ ತೆಳ್ಳನೆಯ ಚಿಕ್ಕ ಹೂಗಳನ್ನು ಮಾಡಿಸಿ, ಸೇವಂತಿಗೆ ಎಸಳಿನೊಳಗೆ ಬೆರೆಸಿ ತೂರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಮೊಣಕಾಲೂರಿ ಗಾದಿಯ ಕೆಳಗೆ ಹುಡುಕುತ್ತಾರೆ. ಮುಂಗಾರು ಬಿತ್ತನೆಯ ದಿನಗಳು, ಎಲ್ಲರಿಗೂ ಹೊಲದ ಗಡಿಬಿಡಿ. ದೊಡ್ಡದಾಗಿ ಮಾಡುವುದು ಬೇಡ, ಮನೆಯವರಷ್ಟೇ ಇರೋಣ ಎಂದಾಯಿತು. ರಾಮದುರ್ಗದ ಮಾವನಿಗೆ ಮಾತ್ರ ಗೆಳೆಯ ಫೋನ್ ಮಾಡಿದ. ಹೋಗಿ ಕರೆಯೋ ಎಂದು ನಾನು ಹೇಳಿದ್ದೆ. ಅವರು ಬಂದು ಕರೆದಿದ್ದರೇನು ಎಂದ. ಅತ್ತ ಕಡೆಯಿಂದ, ನೋಡೋಣ ಎಂಬ ಮಾತು ಬಂತು.

ಅವತ್ತು ಪಡಸಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಗಾದಿ ಹಾಸಿ, ಲೋಡಿಗೆ ಒರಗಿಸಿ ಆಯಿಯನ್ನು ಕೂರಿಸಿದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆಯ ದೊಡ್ಡ ಹಾರ, ಹೆಗಲ ಮೇಲೆ ಶಾಲು. ಹೂ ತೂರಿದ್ದೂ ಆಯಿತು. ನಾನು ಕ್ಯಾಮರಾ ಎತ್ತಿದರೆ ಆಯಿ ಕೈ ಅಡ್ಡ ಮಾಡಿದಳು. ರಾಮದುರ್ಗದ ಬಸ್ ಬರಲಿ ಎಂದಳು. ಸವದತ್ತಿಯ ಮೇಲೆ ಬರುವ ಬಸ್ ಬಂತು, ಹೋಯಿತು. ಇನ್ನೊಂದೂ ಬಂತು. ಕೂಸು ಅಳುವುದಕ್ಕೆ ಶುರುಮಾಡಿತು. ಆಗ ಆಯಿ, ತೆಗೆದುಬಿಡು, ಸಾಕು ಎಂದಳು.

ತೊಡೆಯ ಮೇಲೆ ಕೂಸನ್ನಿಟ್ಟು ಒಂದು ತೆಗೆದೆ. ಆಯಿ ಕಣ್ಣು ಅಗಲಿಸಿ ಕೂಸನ್ನೇ ನೋಡುತ್ತಿದ್ದಳು. ಕೂಸು ಹಾಲಿಗೆ ಹಟ ಮಾಡಿದ್ದರಿಂದ ತಾಯಿ ಎತ್ತಿಕೊಂಡು ಒಳಗೆ ಹೋದಳು. ಉಳಿದವರನ್ನೆಲ್ಲ ಎರಡೂ ಬದಿಗೆ ಕೂರಿಸಿ ಇನ್ನೊಂದು ತೆಗೆದೆ. ನಮ್ಮ ಮಂದಿಗೆ ಫೋಟೊಕ್ಕೆ ನಗುವ ಅಭ್ಯಾಸವಿಲ್ಲ, ನಗಿ ಎಂದರೆ ಇನ್ನಷ್ಟು ಬಿಗಿಯಾಗುತ್ತಾರೆ. ಬೆಳಕು ಮಿಂಚಿದಾಗ ಆಯಿ ಕಣ್ಣು ಮುಚ್ಚಿದಳು. ಮತ್ತೊಂದು ತೆಗೆಯುತ್ತೇನೆಂದರೆ ಎದ್ದೇಬಿಟ್ಟಳು.

ಎರಡನ್ನೂ ಗೆಳೆಯನ ಮೊಬೈಲಿಗೆ ಹಾಕಿದೆ. ಬಳಗದವರ ಗ್ರೂಪಿಗೆ ಕಳಿಸಬೇಕೆಂದು ಅವನು ಕೂಸಿರುವ ಫೋಟೊ ಆರಿಸಿದ. ಅವನ ಹೆಂಡತಿ ಬಿಡಲಿಲ್ಲ. ಇನ್ನೂ ಹಸಿಗೂಸು, ಊರವರ ಮೊಬೈಲಿನಲ್ಲೆಲ್ಲ ಓಡಾಡಿದರೆ ದೃಷ್ಟಿಯಾಗುತ್ತದೆ, ಬಂಗಾರದ ಹೂವಿನ ಸುದ್ದಿಯೂ ಬರೆಯಬೇಡಿ ಎಂದಳು. ಅವನು ಕೂಸಿಲ್ಲದ ಫೋಟೊ ಹಾಕಿದ. ಕೆಳಗೆ ಏನಾದರೂ ಬರೆ ಎಂದೆ. ಬೀಜಕ್ಕಾಗಿ ಅಂಗಡಿಯ ಮುಂದೆ ಮಂದಿ ನಿಂತಿದ್ದಾರೆ, ನಮ್ಮವ್ವನ ಗುರುತು ಯಾರಿಗೆ ಇಲ್ಲ ಎಂದು ನಕ್ಕು ಹೊರಟುಹೋದ.

ಮುಂದಿನದು ಮರುದಿನ ಗೆಳೆಯನ ಮೊಬೈಲಿನಲ್ಲಿ ಆ ಗ್ರೂಪನ್ನು ಮೇಲಿಂದ ಕೆಳಗೆ ಓದಿದಾಗ ತಿಳಿದದ್ದು. ಮೊದಲು ಕಿತ್ತೂರಿನ ಒಬ್ಬ ಸೊಸೆ ಬರೀ ಕೈಮುಗಿದ ಚಿತ್ರ ಹಾಕಿದ್ದಳು. ಹಿರಿಯರನ್ನು ಕಂಡು ನಮಸ್ಕಾರ ಮಾಡಿದ್ದಷ್ಟೇ. ಅದರ ಕೆಳಗೆ ಸವದತ್ತಿಯವರೊಬ್ಬರು, ದೊಡ್ಡ ಜೀವ ಲಿಂಗೈಕ್ಯವಾಯಿತು ಎಂದು ಬರೆದರು. ಅಲ್ಲಿಗೆ ಮುಗಿಯಿತು. ಆಮೇಲೆ ಬಂದವರೆಲ್ಲ ನೋಡಿದ್ದು ಸವದತ್ತಿಯವರ ಸಾಲನ್ನು, ಫೋಟೊವನ್ನಲ್ಲ. ಯಾರೋ ಒಬ್ಬರು ಅದನ್ನು ಬೇರೆ ಗ್ರೂಪುಗಳಿಗೂ ದಾಟಿಸಿದರು. ದಾಟಿಸುವಾಗ ನಾಳೆ ಮಧ್ಯಾಹ್ನ ಮಣ್ಣು ಎಂದು ವೇಳೆಯನ್ನೂ ಸೇರಿಸಿದರು. ನಮ್ಮ ಗೆಳೆಯ ಬಿತ್ತನೆ ಬೀಜ ಕೊಡುವ ಗಡಿಬಿಡಿಯಲ್ಲಿ ಮೊಬೈಲನ್ನು ಚಾರ್ಜಿಗಿಟ್ಟು ಮರೆತಿದ್ದ.

ಮರುದಿನ ಬೆಳಿಗ್ಗೆ ಕಿತ್ತೂರಿನ ಹೆಣ್ಣುಮಕ್ಕಳು ಟೆಂಪೊ ಇಳಿದರು. ನಮ್ಮಲ್ಲಿ ಓಣಿಯ ತಿರುವಿನಿಂದಲೇ ಹಾಡಿಕೊಂಡು ಅಳುತ್ತ ಬರುವುದು ರೂಢಿ. ಹಾಗೆಯೇ ಬಂದರು. ಆಯಿ ಕಟ್ಟೆಯ ಮೇಲೆ ಕೂತು ಎಲೆ ಬಿಡಿಸಿ ಮೆಂತ್ಯಪಲ್ಯ ಸೋಸುತ್ತಿದ್ದಳು. ಕಿತ್ತೂರಿನಲ್ಲಿ ಯಾರೋ ಹೋದರೆಂದುಕೊಂಡು, ಪಲ್ಯ ಬದಿಗಿಟ್ಟು, ಮುಂದೆ ಬಂದವಳನ್ನು ತಬ್ಬಿಕೊಂಡು ತಾನೂ ಅಳತೊಡಗಿದಳು. ತಬ್ಬಿಸಿಕೊಂಡವಳು ಕಣ್ಣು ಬಿಟ್ಟು ನೋಡಿ ಅಲ್ಲೇ ಕುಸಿದು ಕೂತಳು. ನಾನು ಸ್ಟುಡಿಯೊದ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದೆ. ನಕ್ಕೆ ಕೂಡ. ನಗದವರು ಯಾರಿದ್ದಾರೆ?

ಗೆಳೆಯ ಓಡಿ ಬಂದ. ಮೊಬೈಲ್ ನೋಡಿ, ನೀನು ತೆಗೆದ ಫೋಟೊನೇ ಹಾಗಿದೆ ಎಂದು ನನ್ನ ಮೇಲೆಯೇ ಹಾರಿಬಿದ್ದ. ಫೋಟೊ ಸರಿಯಾಗೇ ಇದೆ, ಒಂದು ಸಾಲು ಬರೆಯುವುದಕ್ಕೆ ನಿನಗೆ ಕೈನೋವು ಬಂದಿತ್ತು ಎಂದೆ. ಅಷ್ಟರಲ್ಲಿ ಸವದತ್ತಿಯವರೂ ಬಂದಿದ್ದರು. ಅವರ ಮುಂದೆ ಅದೇ ಫೋಟೊ ಹಿಡಿದೆ. ಹೌದ್ಹೌದು, ಕೆನ್ನೆಯಲ್ಲಿ ಎಷ್ಟು ಕಳೆ ಇದೆ, ಕಾಲಬೆರಳು ಎತ್ತಿದ್ದಾಳಲ್ಲ, ತಲೆ ಎಷ್ಟು ನೆಟ್ಟಗಿದೆ ಎಂದು ಒಬ್ಬೊಬ್ಬರೂ ತೋರಿಸತೊಡಗಿದರು. ಲಿಂಗೈಕ್ಯ ಎಂದು ಬರೆದ ಪುಣ್ಯಾತ್ಮರೇ ಎಲ್ಲರಿಗಿಂತ ಜೋರಾಗಿ ತೋರಿಸುತ್ತಿದ್ದರು. ಹಿಂದಿನ ದಿನ ಇದೇ ಕೆನ್ನೆ, ಇದೇ ಕಾಲಬೆರಳು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಗೆಳೆಯ ಎಲ್ಲರಿಗೂ ಫೋನ್ ಮಾಡತೊಡಗಿದ. ರಾಮದುರ್ಗದ ನಂಬರು ಒತ್ತುವಾಗ ಆಯಿ ಅವನ ಕೈ ಹಿಡಿದಳು.

"ಅವಗ ಮಾಡಬ್ಯಾಡ."

ಮಾವನಿಗೆ ವಯಸ್ಸಾಗಿದೆ, ಹೀಗೆ ಮಾಡಬಾರದು ಎಂದು ಗೆಳೆಯ ಹೇಳಿ ನೋಡಿದ. ನನಗೂ ಸಿಟ್ಟು ಬಂತು. ಇದು ಸರಿಯಲ್ಲ ಆಯಿ, ದಾರಿಯಲ್ಲಿ ಅವರಿಗೆ ಏನಾದರೂ ಆದರೆ ಯಾರು ಹೊಣೆ ಎಂದು ನೇರವಾಗಿಯೇ ಕೇಳಿದೆ. ಆಕೆ ಮಗನ ಮೊಬೈಲನ್ನು ತಾನೇ ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಕಡೆಗೆ ನನ್ನನ್ನು ಹತ್ತಿರ ಕರೆದಳು.

"ಬಸ್ ಸ್ಟ್ಯಾಂಡಿಗೆ ಹೋಗಪಾ. ಬಸ್ ಇಳದ ಮ್ಯಾಲ ಹೇಳು. ಇಳಿಯೂಕಿಂತ ಮೊದಲ ಹೇಳಬ್ಯಾಡ."

ಹೋದೆ. ಮಧ್ಯಾಹ್ನಕ್ಕೆ ಮುಂಚೆ ರಾಮದುರ್ಗದ ಬಸ್ ಬಂತು. ಕೊನೆಗೆ ಇಳಿದವರು ಅವರೇ. ಧೋತರ, ಟೊಪ್ಪಿಗೆ, ಕಂಕುಳಲ್ಲಿ ಒಂದು ಕೈಚೀಲ. ಮನೆಯವರು ಗಾಡಿ ಗೊತ್ತುಮಾಡುತ್ತೇವೆ ಎಂದರೂ ಕಾಯದೆ, ಸಿಕ್ಕ ಬಸ್ ಹತ್ತಿ ಒಬ್ಬರೇ ಬಂದಿದ್ದರು. ಕಣ್ಣು ಊದಿದ್ದವು. ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ಆಯಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾಳೆ ಎಂದೆ. ಅವರು ನನ್ನ ಕೈ ಸರಿಸಿದರು. ಫೋಟೊ ನೋಡಿದ್ದೇನೆ, ಸಮಾಧಾನದ ಮಾತು ಬೇಡ ಎಂದರು. ಎದುರಿಗೆ ನಿಂತು ಹೇಳುವ ನನ್ನ ಮಾತಿಗಿಂತ ಯಾರೋ ಬರೆದ ಮೂರು ಶಬ್ದ ಅವರಿಗೆ ಗಟ್ಟಿಯಾಗಿ ಕಂಡವು.

ನನ್ನ ಮೊಬೈಲಿನಲ್ಲಿದ್ದ ಇನ್ನೊಂದು ಫೋಟೊ ತೆರೆದು ತೋರಿಸಿದೆ, ಕೂಸಿರುವುದು. ಒಮ್ಮೆ ನೋಡಿ, ಇದು ಹಳೆಯದು ಎಂದುಬಿಟ್ಟರು. ಫೋಟೊ ತಾನೇ ಮಾತಾಡುತ್ತದೆ ಎನ್ನುವವರು ಅಲ್ಲಿರಬೇಕಿತ್ತು. ನಾನು ಬಿಡದೆ ಎರಡನ್ನೂ ಒಂದರ ಹಿಂದೆ ಒಂದು ತೋರಿಸಿದೆ. ಅವರು ಮೊಬೈಲನ್ನು ಮೂಗಿನ ಹತ್ತಿರ ತಂದುಕೊಂಡರು. ಅದೇ ಹಾರ, ಅದೇ ಶಾಲು, ಹಿಂದೆ ಅದೇ ಬಿಳಿ ಬಟ್ಟೆ. ಬೆರಳಿಟ್ಟು ಒಂದೊಂದನ್ನೇ ಹೊಂದಿಸಿದರು. ಕಡೆಗೆ ಅಕ್ಕನ ತೆರೆದ ಕಣ್ಣಿನ ಮೇಲೆ ಬೆರಳು ನಿಂತಿತು. ಮರುಕ್ಷಣ ಸಿಟ್ಟು ಏರಿತು.

"ನನ್ನ ಕರಸಾಕ ಈ ನಾಟಕ ಮಾಡ್ಯಾರೇನು?"

ಒಂದೇ ಫೋಟೊಕ್ಕೆ ಇದು ಮೂರನೆಯ ಅರ್ಥ. ಹೇಳುತ್ತಲೇ ಎದ್ದು ಹೊರಳಿ ಬಸ್ಸಿನ ಕಡೆ ನಡೆದರು. ಕಂಡಕ್ಟರ್ ಕೆಳಗೆ ನಿಂತಿದ್ದ, ವಾಪಸ್ ಹೋಗುವುದು ಯಾವಾಗ ಎಂದು ಅವನನ್ನು ಕೇಳಿಯೂ ಆಯಿತು. ಈಗ ಹತ್ತಿದರೆ ಇವರು ಈ ಜನ್ಮದಲ್ಲಿ ಇನ್ನೊಮ್ಮೆ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಡ್ಡ ನಿಂತೆ.

"ನಾಟಕ ಅಲ್ರಿ ಅಜ್ಜಾರ. ಆದ್ರ ನಿಮಗ ತಿಳಸಬ್ಯಾಡ ಅಂದಾಕಿ ಆಯಿನ. ತಿಳಿಸಿದ್ರ ನೀವು ಬರೂದಿಲ್ಲ ಅಂತ ಅಂಜಿದ್ಲು."

ಅವರು ಮತ್ತೆ ಬೆಂಚಿನ ಮೇಲೆ ಕೂತರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಿಳಿಸಿದ್ದರೆ ಬರುತ್ತಿದ್ದಿರಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಸ್ ಹೊರಟಿತು. ಆಮೇಲೆ ಕೈಚೀಲವನ್ನು ನನಗೆ ಕೊಟ್ಟು, ಇದನ್ನು ನಿನ್ನ ಅಂಗಡಿಯಲ್ಲಿ ಇಟ್ಟುಬಿಡು, ಆ ಮನೆಯ ಒಳಗೆ ತರಬೇಡ ಎಂದರು. ಒಳಗೆ ಏನಿದೆ ಎಂದು ನೋಡದೆಯೂ ತಿಳಿಯಿತು. ಮನೆಮಗಳು ತೀರಿಕೊಂಡರೆ ಕೊನೆಯ ಸೀರೆ ತವರಿನಿಂದ ಬರಬೇಕು. ಅದನ್ನು ಬದುಕಿದವರ ಮುಂದೆ ಹಿಡಿಯುವುದುಂಟೇ?

ಚೀಲವನ್ನು ಸ್ಟುಡಿಯೊದಲ್ಲಿಟ್ಟು ಅವರ ಜೊತೆ ಹೋದೆ. ಆಯಿ ಕಟ್ಟೆಯ ಮೇಲೆಯೇ ಇದ್ದಳು. ತಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸುತ್ತ ಕಿತ್ತೂರು, ಸವದತ್ತಿಯ ಮಂದಿ ಚಹಾದ ಕಪ್ಪು ಹಿಡಿದು ಹಾಗೇ ನಿಂತಿದ್ದರು. ಅಕ್ಕ ಬೈಯುತ್ತಾಳೆ ಎಂದುಕೊಂಡೆ, ಇಲ್ಲವೇ ಅಳುತ್ತಾಳೆ. ಆಕೆ ತಮ್ಮನ ಖಾಲಿ ಕೈಗಳನ್ನು ನೋಡಿದಳು.

"ಬರಿಗೈಲೆ ಬಂದೀಯೇನು? ನನ್ನ ಸೀರಿ ಎಲ್ಲೈತಿ?"

ಅವರು ನನ್ನ ಕಡೆ ನೋಡಿದರು. ಆಯಿಯೂ ನನ್ನ ಕಡೆ ತಿರುಗಿದಳು. ಆ ಕಣ್ಣಿನ ಮುಂದೆ ನನ್ನಿಂದ ಸುಳ್ಳು ಹೇಳುವುದಾಗಲಿಲ್ಲ, ಹೋಗಿ ಚೀಲ ತಂದೆ. ಸೊಸೆ ಕೈ ಅಡ್ಡ ಹಿಡಿದಳು. ಅದು ಬೇಡ ಅತ್ತೆ, ಅಪಶಕುನ, ಅದನ್ನು ಮುಟ್ಟಬೇಡಿ ಎಂದು ಗೋಗರೆದಳು. ತಮ್ಮನೂ ಅದನ್ನೇ ಹೇಳಿದರು. ಅಕ್ಕ, ಅದನ್ನು ಬಿಡು, ನಾಳೆಯೇ ಇನ್ನೊಂದು ತಂದುಕೊಡುತ್ತೇನೆ ಎಂದರು. ಆಯಿ ಅಷ್ಟರಲ್ಲಿ ಚೀಲ ಬಿಚ್ಚಿದ್ದಳು. ಇಳಕಲ್ ಸೀರೆ, ಕೆಂಪು ಸೆರಗು. ಅಂಚನ್ನು ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು ನೋಡಿದಳು.

"ಸತ್ತ ಮ್ಯಾಲ ಉಡಿಸಿದ್ರ ದಡಿ ಯಾವ ಬಣ್ಣದ್ದು ಅಂತ ನನಗ ಹೆಂಗ ತಿಳೀಬೇಕು? ಈಗ ಉಡತೇನಿ."

ರಾಮದುರ್ಗದ ಅಜ್ಜ ಆಗ ಅತ್ತರು. ಮಣ್ಣಿಗೆಂದು ತಡೆದುಕೊಂಡು ತಂದಿದ್ದ ಅಳುವೆಲ್ಲ ಅಲ್ಲೇ ಖರ್ಚಾಯಿತು. ಕಿತ್ತೂರಿನ ಹೆಣ್ಣುಮಕ್ಕಳೂ ಎರಡನೆಯ ಸಲ ಅತ್ತರು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ.

ಆಯಿ ಒಳಗೆ ಹೋಗಿ ಆ ಸೀರೆ ಉಟ್ಟುಕೊಂಡು ಬಂದಳು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೂಂ, ಈಗ ತೆಗೆ ಎಂದಳು. ತೆಗೆದೆ. ಇಬ್ಬರೂ ನಗಲಿಲ್ಲ, ಕಣ್ಣನ್ನು ಮಾತ್ರ ಹಟ ಹಿಡಿದವರಂತೆ ಅಗಲವಾಗಿ ತೆರೆದು ಕೂತರು. ನಾನು ತೆಗೆದವುಗಳಲ್ಲೆಲ್ಲ ಒಳ್ಳೆಯ ಫೋಟೊ ಅದು. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಗೆಳೆಯನಿಗೆ ಬುದ್ಧಿ ಬಂದಿತ್ತು. ಇದನ್ನು ಗ್ರೂಪಿಗೆ ಹಾಕುತ್ತೇನೆ, ಕೆಳಗೆ ಏನು ಬರೆಯಲಿ, ನೀನೇ ಹೇಳು ಎಂದು ನನ್ನನ್ನು ಕೇಳಿದ. ಜೀವಮಾನದಲ್ಲಿ ಮೊದಲ ಸಲ ಕೇಳಿದ್ದ. ನಾನು ಗಂಟಲು ಸರಿಮಾಡಿಕೊಂಡು ಒಳ್ಳೆಯ ಸಾಲೊಂದನ್ನು ಹೇಳಲು ಹೊರಟರೆ ಆಯಿ ನಡುವೆ ಬಾಯಿ ಹಾಕಿದಳು. ಏನೂ ಬರೆಯಬೇಡಿ, ಬರೆದರೆ ಓದಿಕೊಂಡು ಮನೆಯಲ್ಲೇ ಕೂರುತ್ತಾರೆ, ಬೇಕಾದವರು ಬಂದು ಕೇಳಲಿ ಎಂದಳು. ನಾನು ವಾದ ಮಾಡಲಿಲ್ಲ. ಫೋಟೊ ಹಾಗೆಯೇ ಹೋಯಿತು.

ಗೆಳೆಯ ಮಾವನ ಕಡೆ ನೋಡಿ, ನಿಮ್ಮ ಮನೆಯವರ ಮೊಬೈಲಿಗೂ ಒಂದು ಕಳಿಸುತ್ತೇನೆ, ಬೇಕಾದಾಗ ನೋಡಿಕೊಳ್ಳಬಹುದು ಎಂದ. 

ರಾಮದುರ್ಗದ ಅಜ್ಜ ತಲೆ ಅಲ್ಲಾಡಿಸಿದರು. "ನನಗ ಕಳಸಬ್ಯಾಡೊ. ಇಲ್ಲೇ ಗ್ವಾಡಿಗೆ ಹಾಕ್ರಿ. ನಾ ಬಂದು ನೋಡತೇನಿ."